ನಾಲ್ಕು ಜೇಬುಚಾಕು, ಮೂರು ಬೇಸರ

ಚಾಕುವಿನ ವಿಮರ್ಶೆಗಳು ಹೆಚ್ಚಾಗಿ ಪೆಟ್ಟಿಗೆ ಬಿಚ್ಚಿದ ದಿನವೇ ಬರೆದವು. ಹಾಳೆಯನ್ನು ಎತ್ತಿ ಹಿಡಿದು ಸರಕ್ಕನೆ ಸೀಳುತ್ತಾರೆ, ನಾಲ್ಕು ಸಲ ಟಕ್ ಎಂದು ತೆರೆದು ಮುಚ್ಚುತ್ತಾರೆ, ಐದು ನಕ್ಷತ್ರ ಕೊಟ್ಟು ಎದ್ದು ಹೋಗುತ್ತಾರೆ. ಹೊಸ ಚಾಕು ಹಾಳೆ ಕೊಯ್ಯುವುದು ದೊಡ್ಡ ಸಂಗತಿಯಲ್ಲ, ಚೆನ್ನಾಗಿ ಮಸೆದರೆ ಎಂಥ ಅಗ್ಗದ ಉಕ್ಕೂ ಅಷ್ಟು ಮಾಡುತ್ತದೆ. ಅದರ ಬಣ್ಣ ಬಯಲಾಗುವುದು ಬಾಯಿ ಮೊಂಡಾಗಿ ಮತ್ತೆ ಮಸೆಯಲು ಕೂತಾಗ, ಕೀಲಿನೊಳಗೆ ಜೇಬಿನ ಕಸ ಸೇರಿಕೊಂಡಾಗ, ಸ್ಕ್ರೂ ಸಡಿಲವಾದಾಗ. ಹಾಗಾಗಿ ವರ್ಷಗಟ್ಟಲೆ ಬಳಸಿದ ನಾಲ್ಕು ಮಡಚುವ ಚಾಕುಗಳ ಬಗ್ಗೆ ಈಗ ಬರೆಯುತ್ತಿದ್ದೇನೆ. ಬೇಸರ ತಂದ ಮೂರರ ಕಂಪನಿಗಳ ಹೆಸರು ಬೇಡ. ಅದೇ ಅಚ್ಚಿನ ಮಾಲನ್ನು ಎಷ್ಟೋ ಹೆಸರುಗಳಲ್ಲಿ ಮಾರುತ್ತಾರೆ.

ಮೊದಲನೆಯದು ದಪ್ಪ ಚಾಕು. ಕಪ್ಪು ಲೇಪ, ಸೈನಿಕರ ಸಾಮಾನಿನಂಥ ಗತ್ತು, ಬೆನ್ನಿನ ದಪ್ಪ 4 ಮಿ.ಮೀ., ಅಲಗಿನ ಮೇಲೆ ಎದ್ದು ಕಾಣುವ ಹಾಗೆ 'ಡಿ2'. ಆ ಉಕ್ಕಿನ ಮೇಲೆ ನನಗೆ ಸಿಟ್ಟಿಲ್ಲ. ಕಾರ್ಖಾನೆಗಳ ಅಚ್ಚು, ಡೈಗಳಿಗೆಂದೇ ಬಳಕೆಗೆ ಬಂದ ಉಕ್ಕು ಅದು. ಸುಮಾರು 1.5 ಶೇಕಡಾ ಇಂಗಾಲ, 12 ಶೇಕಡಾ ಕ್ರೋಮಿಯಂ. ಸವೆತಕ್ಕೆ ಜಗ್ಗದಿರುವುದೇ ಅದರ ಗುಣ, ಮಸೆಯುವವನಿಗೆ ಅದೇ ತಲೆನೋವು. ಸಾಧಾರಣ ಸಾಣೆಕಲ್ಲಿನ ಮೇಲೆ ಉಜ್ಜಿದಷ್ಟೂ ಕಲ್ಲೇ ಸವೆಯುತ್ತಿದೆಯೇನೋ ಅನ್ನಿಸುತ್ತದೆ. ವಜ್ರದ ಪುಡಿಯ ಪಟ್ಟಿ ತಂದ ಮೇಲೆಯೇ ಅದಕ್ಕೆ ಬಾಯಿ ಬಂದದ್ದು. ತುಕ್ಕಿನ ಕಥೆಯೂ ವಿಚಿತ್ರ. 12 ಶೇಕಡಾ ಕ್ರೋಮಿಯಂ ಎಂದರೆ ಸ್ಟೇನ್‌ಲೆಸ್ ಅನ್ನಬೇಕಲ್ಲ? ಆದರೆ ಅದರಲ್ಲಿ ಒಂದು ದೊಡ್ಡ ಪಾಲು ಇಂಗಾಲದ ಜೊತೆ ಸೇರಿ ಗಟ್ಟಿ ಕಾರ್ಬೈಡ್ ಕಣಗಳಾಗಿ ಕೂತುಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಸ್ವಲ್ಪವೇ. ಬೆವರಿದ ಜೇಬಿನಲ್ಲಿ ಇಟ್ಟರೆ ಲೇಪ ಇಲ್ಲದ ಬಾಯಿಯ ಉದ್ದಕ್ಕೂ ಕಂದು ಚುಕ್ಕೆಗಳು.

ಅದನ್ನೆಲ್ಲ ಸಹಿಸಬಹುದಿತ್ತು, ಕೊಯ್ದಿದ್ದರೆ. ಸೇಬಿಗೆ ಇಟ್ಟರೆ ಕಾಲುಭಾಗ ಇಳಿಯುತ್ತದೆ, ಆಮೇಲೆ ಕೊಡಲಿ ಬಿದ್ದ ಸೌದೆಯಂತೆ ಹಣ್ಣು ಪಟಕ್ಕನೆ ಸಿಡಿದು ಎರಡಾಗುತ್ತದೆ. ದಪ್ಪ ರಟ್ಟಿನಲ್ಲಿ ನಡುವೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಬಾಯಿ ಹರಿತವಾಗಿಯೇ ಇದೆ, ತೋಳಿನ ಕೂದಲು ಬೋಳಿಸುತ್ತದೆ! ಅಡ್ಡ ಬರುವುದು ಬಾಯಿಯ ಹಿಂದಿನ ದಪ್ಪ. ಚೆನ್ನಾಗಿ ಕೊಯ್ಯುವ ಜೇಬುಚಾಕುವಿನಲ್ಲಿ, ಮಸೆದ ಅಂಚು ಮುಗಿಯುವ ಜಾಗದಲ್ಲಿ ಅಲಗು ಅರ್ಧ ಮಿ.ಮೀ.ಗಿಂತ ತೆಳ್ಳಗಿರುತ್ತದೆ. ಇದರಲ್ಲಿ ಒಂದು ಮಿ.ಮೀ. ಹತ್ತಿರ ಇದೆ. ಜಾಹೀರಾತಿನಲ್ಲಿ ಉಕ್ಕಿನ ಹೆಸರು, ಗಡಸುತನದ ಅಂಕಿ, ತೂಕ, ಹಿಡಿಯ ಬಣ್ಣ ಎಲ್ಲ ಬರೆಯುತ್ತಾರೆ. ಕೊಯ್ತಕ್ಕೆ ಬೇಕಾದ ಈ ಒಂದು ಅಳತೆ ಮಾತ್ರ ಹುಡುಕಿದರೂ ಸಿಗದು.

ಲಾಕ್ ಬಗ್ಗೆಯೂ ಹೇಳಬೇಕು. ಇದರಲ್ಲಿರುವುದು ಲೈನರ್ ಲಾಕ್: ಹಿಡಿಯ ಒಳಗಿನ ತೆಳು ಲೋಹದ ಪಟ್ಟಿ ಬಾಗಿ ಬಂದು ಅಲಗಿನ ಬುಡಕ್ಕೆ ಆತುಕೊಳ್ಳುತ್ತದೆ. ಈಗಿನ ರೂಪದಲ್ಲಿ ಇದನ್ನು ತಂದದ್ದು 1980ರ ದಶಕದ ಮೊದಲಲ್ಲಿ ಮೈಕೆಲ್ ವಾಕರ್ ಎಂಬ ಅಮೆರಿಕದ ಚಾಕುಗಾರ. ಸರಿಯಾಗಿ ಮಾಡಿದರೆ ಒಳ್ಳೆಯ ವ್ಯವಸ್ಥೆ. ನನ್ನದರಲ್ಲಿ ಪಟ್ಟಿ ಮೆದು. ಹೊಸದರಲ್ಲಿ ಅಲಗಿನ ಬುಡದ ಈ ತುದಿಯಲ್ಲಿ ನಿಲ್ಲುತ್ತಿದ್ದದ್ದು ಬರಬರುತ್ತಾ ಆ ತುದಿಗೆ ಸರಿದು ಎದುರಿನ ಪಟ್ಟಿಗೇ ತಾಗಿತು. ಆಮೇಲೆ ಅಲಗು ಮೇಲೆ ಕೆಳಗೆ ಅಲ್ಲಾಡತೊಡಗಿತು. ಕೀಲಿನ ಸ್ಕ್ರೂ ಬಿಗಿಮಾಡಿದರೆ ಪಕ್ಕಕ್ಕೆ ಅಲ್ಲಾಡುವುದು ನಿಲ್ಲುತ್ತದೆ, ಮೇಲೆ ಕೆಳಗಿನದು ನಿಲ್ಲುವುದಿಲ್ಲ. ಬೆರಳಿನ ಮೇಲೆ ಮುಚ್ಚಿಕೊಳ್ಳಬಹುದಾದ ಲಾಕ್‌ಗಿಂತ ಲಾಕೇ ಇಲ್ಲದ ಚಾಕು ವಾಸಿ, ಅಲ್ಲಿ ಕೈ ತಾನಾಗಿ ಹುಷಾರಾಗಿರುತ್ತದೆ.

ಎರಡನೆಯದು ಎಲ್ಲ ಕೆಲಸಕ್ಕೂ ಒಂದೇ ಎಂದು ಮಾರಾಟವಾಗುವ ಜಾತಿ. ಇಕ್ಕುಳ, ಗರಗಸ, ಬಿರಡೆ ತೆಗೆಯುವ ಸುರುಳಿ, ಡಬ್ಬಿ ತೆರೆಯುವ ಕೊಕ್ಕೆ, ಕತ್ತರಿ, ಟಾರ್ಚು ಕೂಡ. ಗರಗಸದ ಹಲ್ಲು ಬರೀ ಅಚ್ಚೊತ್ತಿದ್ದು, ಕಡ್ಡಿಯನ್ನು ಕೆರೆಯುತ್ತದೆಯೇ ಹೊರತು ಕೊಯ್ಯುವುದಿಲ್ಲ. ಸ್ಕ್ರೂಡ್ರೈವರ್ ತುದಿ ಗಟ್ಟಿ ಸ್ಕ್ರೂ ಸಿಕ್ಕ ಮೊದಲ ಸಲವೇ ತಿರುಚಿಕೊಂಡಿತು. ಟಾರ್ಚು ಎಲ್ಲಕ್ಕಿಂತ ಮೊದಲು ಸತ್ತಿತು, ಆದರೆ ಅದರ ಜಾಗ ಹಿಡಿಯಲ್ಲಿ ಖಾಯಂ. ಅಲಗಿನ ಮೇಲೆ 'ಸರ್ಜಿಕಲ್ ಸ್ಟೀಲ್' ಎಂದಿದೆ. ಅದು ಯಾವ ಉಕ್ಕಿನ ಹೆಸರೂ ಅಲ್ಲ, ಯಾರು ಬೇಕಾದರೂ ಯಾವುದರ ಮೇಲೆ ಬೇಕಾದರೂ ಬರೆಯಬಹುದು. ಸ್ಟೇನ್‌ಲೆಸ್ ಉಕ್ಕಿನ ಒಂದು ಜಾತಿಯ ಹೆಸರಾದ '440' ಅನ್ನು ಮಾತ್ರ ಬರೆದು ಬಿಡುವುದೂ ಇದೇ ಜಾಣತನ. 440ಎ, 440ಬಿ, 440ಸಿ ಎಂದು ಮೂರಿವೆ. ಸಿ-ಯಲ್ಲಿ ಇಂಗಾಲ 1 ಶೇಕಡಾ ಆಸುಪಾಸು, ಎ-ಯಲ್ಲಿ 0.7ರ ಸುತ್ತ; ಇಂಗಾಲ ಹೆಚ್ಚಿದ್ದರೆ ಉಕ್ಕು ಹೆಚ್ಚು ಗಡಸಾಗಬಲ್ಲದು. ಸಿ ಆಗಿದ್ದರೆ ಅವರು ಅಕ್ಷರ ಬಿಟ್ಟು ಬರೆಯುತ್ತಿದ್ದರೇ?

ಅಲಗಿನ ಅರ್ಧ ಭಾಗಕ್ಕೆ ಗರಗಸದಂಥ ಹಲ್ಲು ಬೇರೆ. ಹಗ್ಗಕ್ಕೆ ಅನುಕೂಲ, ಒಪ್ಪುತ್ತೇನೆ. ಆದರೆ ಹಲ್ಲಿರುವುದು ಹಿಡಿಯ ಕಡೆ, ಅಂದರೆ ಕೈಬಲ ಹೆಚ್ಚು ಸಿಗುವ, ಕಡ್ಡಿ ಹೆರೆಯಲು ಬೇಕಾದ ಜಾಗದಲ್ಲೇ. ಮಸೆಯಲು ಒಂದೊಂದು ಹಲ್ಲಿಗೂ ಸಣ್ಣ ಗುಂಡು ಕಡ್ಡಿ ಹಾಕಿ ಕೂರಬೇಕು.

ಮೂರನೆಯದು ಅಲೆ ಅಲೆ ವಿನ್ಯಾಸದ 'ಡಮಾಸ್ಕಸ್', ಅಂದರೆ ಬೇರೆ ಬೇರೆ ಉಕ್ಕಿನ ಪದರ ಬೆಸೆದು ಮಾಡಿದ್ದು ಎಂದು ಹೆಸರು. ನೋಡಲು ಚಂದ. ನಿಜವಾದ ಪದರದ ಉಕ್ಕಾದರೆ ಅಲೆ ಅಲಗಿನ ಬೆನ್ನಿನ ಮೇಲೂ ಮುಂದುವರಿಯಬೇಕು, ಇದರ ಬೆನ್ನು ನುಣ್ಣಗೆ ಖಾಲಿ. ಮೇಲ್ಮೈಯಲ್ಲಿ ಕೊರೆದ ಚಿತ್ರ ಅಷ್ಟೇ, ಮಸೆಯುವಾಗ ಕಲ್ಲು ತಾಗಿದಲ್ಲೆಲ್ಲ ಅಳಿಸಿಹೋಗಿದೆ. ಒಂದು ನಕ್ಷತ್ರ, ಅದೂ ಹಿಡಿಯ ಮರಕ್ಕೆ.

ನಾಲ್ಕನೆಯದು ದಿನವೂ ಜೇಬಿನಲ್ಲಿರುವ, ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಚಾಕು, ಎರಡು ಅಲಗಿನ ಕೆಂಪು ಹಿಡಿಯದು. ಆ ಕಂಪನಿ ಕಟ್ಟಿದ ಕಾರ್ಲ್ ಎಲ್ಸೆನರ್ 1897ರಲ್ಲಿ ಹಕ್ಕು ನೋಂದಾಯಿಸಿದ ಸೇನಾಧಿಕಾರಿಗಳ ಚಾಕುವಿನ ವಂಶದ್ದೇ. ಗಡಸುತನ ರಾಕ್‌ವೆಲ್ ಮಾಪನದಲ್ಲಿ 56ರ ಹತ್ತಿರ. ಅಂಕಿ ನೋಡಿ ಖರೀದಿಸುವವರು ಮೂಗು ಮುರಿಯುತ್ತಾರೆ, ಡಿ2 ಸಾಮಾನ್ಯವಾಗಿ 58 ದಾಟಿರುತ್ತದಲ್ಲ. ಇದರ ಬಾಯಿ ಬೇಗ ಮೊಂಡಾಗುವುದು ನಿಜ. ಆದರೆ ಒಂದು ಸಾದಾ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಎಳೆದರೆ ಮತ್ತೆ ಬರುತ್ತದೆ, ಕಲ್ಲು ಸಿಗದಿದ್ದರೆ ಪಿಂಗಾಣಿ ಬಟ್ಟಲಿನ ತಳವೂ ನಡೆಯುತ್ತದೆ. ಅಲಗು ತೆಳ್ಳಗಿರುವುದರಿಂದ ಅರ್ಧ ಮೊಂಡಾದಾಗಲೂ ಮೇಲೆ ಹೇಳಿದ ದಪ್ಪ ಚಾಕುವಿಗಿಂತ ಸಲೀಸಾಗಿ ಕೊಯ್ಯುತ್ತದೆ. ಇಲ್ಲದ್ದು ಎರಡು: ಲಾಕ್ ಮತ್ತು ಜೇಬಿಗೆ ಸಿಕ್ಕಿಸುವ ಕ್ಲಿಪ್. ಮೊನೆ ಒತ್ತಿ ಚುಚ್ಚುವ ಕೆಲಸಕ್ಕೆ ಇದು ಬೇಡ. ಲಾಕ್ ಬೇಕೇ ಬೇಕು, ಅಲಗೂ ತೆಳ್ಳಗಿರಬೇಕು ಅನ್ನುವವರು ಉಂಗುರ ತಿರುಗಿಸಿ ಬಿಗಿಮಾಡುವ ಫ್ರಾನ್ಸ್‌ನ ಒಪಿನೆಲ್ ಚಾಕು ನೋಡಬಹುದು. 1890ರಲ್ಲಿ ಶುರುವಾದ ಚಾಕುವಿಗೆ ಆ ಉಂಗುರ ಬಂದದ್ದು 1955ರಲ್ಲಿ. ಮರದ ಹಿಡಿ ನೀರು ಕುಡಿದರೆ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದೆ ಎಂಬುದು ಗೊತ್ತಿರಲಿ.

ಕಾರ್ಖಾನೆಯಿಂದ ಬಂದ ಬಾಯಿ ಬೇಗ ಸೋತರೆ ಚಾಕುವನ್ನೇ ಬೈಯಬೇಡಿ. ಯಂತ್ರದ ಮೇಲೆ ಉಜ್ಜುವಾಗ ಬಿಸಿ ಏರಿ ಅಂಚಿನ ಹದ ಕೆಟ್ಟಿರುವುದುಂಟು. ಎರಡು ಮೂರು ಸಲ ಮಸೆದು ಆ ಅಂಚು ಹೋದ ಮೇಲೆ ಒಳಗಿನ ಒಳ್ಳೆಯ ಉಕ್ಕು ಸಿಗಬಹುದು. ಮಸೆಯಲು ಎಂದು ಮಾರುವ, ಸಂದಿಯಲ್ಲಿ ಅಲಗು ಇಟ್ಟು ಎಳೆಯುವ ಸಣ್ಣ ಉಪಕರಣದ ಹತ್ತಿರ ಮಾತ್ರ ಹೋಗಬೇಡಿ, ಅದು ಲೋಹವನ್ನು ಹರಿದು ತೆಗೆಯುತ್ತದೆ.

ದಪ್ಪ ಚಾಕುವನ್ನು ಒರಟು ವಜ್ರದ ಪಟ್ಟಿಯ ಮೇಲೆ ಮಲಗಿಸಿ ಬಾಯಿಯ ಹಿಂದಿನ ದಪ್ಪವನ್ನು ಒಂದಷ್ಟು ಇಳಿಸಿದ್ದೇನೆ. ಕೈ ನೋವು ಬಂತು, ಕಪ್ಪು ಲೇಪ ಅರ್ಧ ಹೋಯಿತು, ನೋಡಲು ವಿಕಾರ. ಈಗ ರಟ್ಟಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಎರಡು ನಕ್ಷತ್ರ ಕೊಡಬೇಕೆಂದಿದ್ದೆ, ಎರಡೂವರೆ ಇರಲಿ. ಲಾಕ್ ಇನ್ನೂ ಅಲ್ಲಾಡುತ್ತದೆ.