ಡ್ರೆಡ್‌ನಾಟ್ ಇದೆ, ಜೊತೆಗೆ ಯಾವ ಗಿಟಾರ್?

ಡ್ರೆಡ್‌ನಾಟ್ (ದೊಡ್ಡ ಒಡಲಿನ, ಗಟ್ಟಿ ದನಿಯ ಗಿಟಾರ್) ಇದ್ದವರಿಗೆ ಬೇರೆ ದನಿ ಬೇಕು, ಅಲ್ವಾ? ಹಾಗಾಗಿ ಮೂರು ಉಳಿಯುತ್ತವೆ: ಪೂರ್ತಿ ಸಾಲಿಡ್ (ಪದರವಿಲ್ಲದ ಇಡೀ) ಮರದ ಓಎಂ, ಅಂದರೆ ಡ್ರೆಡ್‌ನಾಟ್‌ಗಿಂತ ಚಿಕ್ಕ ಒಡಲಿನ ಗಿಟಾರ್; ಲ್ಯಾಮಿನೇಟ್ (ತೆಳು ಪದರ ಅಂಟಿಸಿದ ಮರದ) ಓಎಂ; ನೈಲಾನ್ ತಂತಿಯ ಕ್ಲಾಸಿಕಲ್.

ಮಂಗಳೂರಿನಲ್ಲಿ ಮೊದಲು ಯೋಚಿಸಬೇಕಾದದ್ದು ಮಳೆಗಾಲ. ಸಾಲಿಡ್ ಮರಕ್ಕೆ ಹಿತವಾದ ತೇವಾಂಶ ಶೇ. 45ರಿಂದ 55. ಜುಲೈಯಲ್ಲಿ ಇಲ್ಲಿ ಶೇ. 80 ದಾಟುತ್ತದೆ. ನನ್ನ ಸಾಲಿಡ್ ಗಿಟಾರ್ ಕೇಸಿನ ಹೊರಗೇ ಇತ್ತು. ಬ್ರಿಡ್ಜ್ (ಒಡಲ ಮೇಲೆ ತಂತಿ ಕಟ್ಟುವ ಪಟ್ಟಿ) ಹಿಂದೆ ಮರ ಉಬ್ಬಿತು, ತಂತಿ ಮೇಲೆದ್ದಿತು, ಎಫ್ ಕಾರ್ಡ್ ಒತ್ತಿದರೆ ಬೆರಳು ಉರಿಯುತ್ತಿತ್ತು. ಕೇಸಿನಲ್ಲಿ ಸಿಲಿಕಾ ಜೆಲ್ ಇಟ್ಟು ನೋಡಿಕೊಳ್ಳುವವರು ಮಾತ್ರ ಅದನ್ನು ಕೊಳ್ಳಿ. ಆ ಕಷ್ಟಕ್ಕೆ ಫಲವೂ ಇದೆ: ಮೆಲ್ಲಗೆ ಮೀಟಿದರೂ ದನಿ ತುಂಬಿ ಬರುತ್ತದೆ.

ಇಗರ್ಜಿ ಕಾಯರ್, ಪಣಂಬೂರು ಬೀಚ್ ಅಂತ ಹೊತ್ತು ತಿರುಗುವವರಿಗೆ, ತೇವಕ್ಕೆ ಅಷ್ಟಾಗಿ ಉಬ್ಬದ ಲ್ಯಾಮಿನೇಟ್ ಸಾಕು. ಬೆಲೆಯೂ ಕಡಿಮೆ.

ನೈಲಾನ್ ಬೆರಳಿಗೆ ಮೃದು, ತುಕ್ಕಿನ ಕಾಟವೂ ಕಡಿಮೆ. ಆದರೆ ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಗಲ ಸುಮಾರು 52 ಮಿ.ಮೀ., ಓಎಂನಲ್ಲಿ 44ರ ಆಸುಪಾಸು. ಕೈ ಚಿಕ್ಕದಾದರೆ ಅಂಗಡಿಯಲ್ಲೇ ಹಿಡಿದು ನೋಡಿ.