ಲಿಥಾಪ್ಸ್ ಗಿಡನ ರೀಪಾಟ್ ಮಾಡ್ಸೋಕೆ ಯಾರ ಕೈಗಾದ್ರೂ ಕೊಡೋ ಮುಂಚೆ ಇದನ್ನ ಓದಿ

ಮೈಸೂರಲ್ಲಿ ಲಿಥಾಪ್ಸ್ (ನೋಡೋಕೆ ಕಲ್ಲಿನ ಥರಾನೇ ಇರೋ ಪುಟ್ಟ ಸಕ್ಯುಲೆಂಟ್, ಅಂದ್ರೆ ಎಲೇಲಿ ನೀರು ಕೂಡಿಟ್ಕೊಳ್ಳೋ ಗಿಡ) ಸಾಕ್ತಿರೋರಿಗೆ, ಹೊಸದಾಗಿ ತಗೋಬೇಕು ಅಂತಿರೋರಿಗೆ ಇಬ್ಬರಿಗೂ ಹೇಳ್ತಿದೀನಿ. ನರ್ಸರೀಲಿ ಗಿಡದ ಸುತ್ತ ಹಾಕಿರೋ ಬಣ್ಣದ ಕಲ್ಲನ್ನ ಮೊದ್ಲು ಬೆರಳಲ್ಲಿ ಒತ್ತಿ ನೋಡಿ. ಅಲ್ಲಾಡ್ಲಿಲ್ಲ ಅಂದ್ರೆ ಗಮ್ ಹಾಕಿ ಅಂಟಿಸಿದಾರೆ ಅಂತ, ದಯವಿಟ್ಟು ಆ ಪಾಟ್ ಮನೆಗೆ ತರ್ಬೇಡಿ.

ನನ್ನ ಹತ್ರ ಮೂರು ಲಿಥಾಪ್ಸ್ ಇತ್ತು, ವರ್ಷಗಟ್ಲೆ ನೋಡ್ಕೊಂಡಿದ್ದು, ದಸರಾ ಕಳೆದ್ಮೇಲೆ ಒಂದೊಂದು ಹಳದಿ ಹೂ ಬಿಡ್ತಿತ್ತು. ಬೇರು ಪಾಟಿನ ತಳಕ್ಕೆ ತಾಗಿ ಸುತ್ಕೊಳ್ತಿತ್ತು, ನನಗೆ ಕೈ ನೋವಿತ್ತು, ಹಂಗಾಗಿ ಸಕ್ಯುಲೆಂಟ್ ಸ್ಪೆಷಲಿಸ್ಟ್ ಅಂತ ಬೋರ್ಡ್ ಹಾಕ್ಕೊಂಡಿರೋ ಒಂದು ನರ್ಸರಿಗೆ ಕೊಟ್ಟೆ. ಆಗ ಒಳಗಿಂದ ಹೊಸ ಎಲೆ ಜೋಡಿ ಬರ್ತಿತ್ತು, ಸೀಳಲ್ಲಿ ಕಾಣ್ತಾನೂ ಇತ್ತು. ಎಲೆ ಬದ್ಲಾಗೋದು ಮುಗೀಲಿ, ಆಮೇಲೆ ಪಾಟ್ ಬದ್ಲಾಯ್ಸಿ, ಅಲ್ಲೀತನಕ ನಿಮ್ಮ ಹತ್ರಾನೇ ಇರ್ಲಿ, ನೀರಂತೂ ಹಾಕ್ಲೇಬೇಡಿ ಅಂತ ಬಿಡಿಸಿ ಹೇಳಿದೀನಿ. "ನಮಗೆ ಗೊತ್ತು ಬಿಡಿ ಮೇಡಂ, ದಿನಾ ಇದೇ ಕೆಲ್ಸ" ಅಂದ್ರು. ಸಂಜೇನೇ ಫೋನ್ ಮಾಡಿ ರೆಡಿ ಇದೆ ಬನ್ನಿ ಅಂದ್ರು, ಹೋಗಿ ನೋಡಿದ್ರೆ ಮೂರೂ ಪಿಂಗಾಣಿ ಪಾಟಿಗೆ ಹೋಗಿದೆ, ತಳದಲ್ಲಿ ತೂತಿಲ್ಲ, ಮೇಲೆ ಬಿಳಿ ಕಲ್ಲು ಗಟ್ಟಿಯಾಗಿ ಅಂಟಿಸಿಬಿಟ್ಟಿದಾರೆ, ಪಾಟ್ ಎತ್ತಿದ್ರೆ ಭಾರ, ಅಂದ್ರೆ ನೀರೂ ಹಾಕಿದಾರೆ. ಕೇಳಿದ್ರೆ ದಿನಾ ಒಂದ್ಸಲ ಸ್ಪ್ರೇ ಮಾಡಿ ಸಾಕು ಅಂತ ಸಲಹೆ ಬೇರೆ!

ಮನೆಗೆ ತಂದು ಆ ಕಲ್ಲಿನ ಪದರನ ಚಾಕುವಿಂದ ಬಿಡಿಸೋಷ್ಟ್ರಲ್ಲೇ ಒಂದು ಗಿಡದ ಬುಡ ಹರಿದುಹೋಯ್ತು. ಕೆಳಗೆ ಪೂರ್ತಿ ಕೊಕೊಪೀಟು (ತೆಂಗಿನ ನಾರಿನ ಪುಡಿ), ಗೊಬ್ಬರ, ಹಿಂಡಿದ್ರೆ ನೀರು ಸುರೀತಿತ್ತು. ಉಳಿದ ಎರಡರಲ್ಲಿ ಒಂದು ವಾರ ತುಂಬೋ ಮೊದ್ಲೇ ಬುಡದಿಂದ ಮೆತ್ತಗಾಗಿ ಕೊಳೆತು ನೀರಾಯ್ತು. ಇನ್ನೊಂದರ ಬೇರು ಕತ್ತರಿಸಿ ನೆರಳಲ್ಲಿ ಒಣಗಿಸಿ ಇಟ್ಟಿದೀನಿ, ಉಳಿಯುತ್ತೋ ಇಲ್ವೋ. ಆ ನರ್ಸರಿಯವರು ನಿಮ್ಮ ಗಿಡಾನೇ ವೀಕಿತ್ತು ಅಂದ್ರು. ದುಡ್ಡು ಹೋಗ್ಲಿ, ಆ ಗಿಡ ಹೋಗಿದ್ದಕ್ಕೆ ನನಗೆ ನಿಜವಾಗ್ಲೂ ಸಂಕಟ ಆಗಿದೆ.

ಯಾಕೆ ಹಿಂಗಾಗುತ್ತೆ ಅಂದ್ರೆ, ಇದು ದಕ್ಷಿಣ ಆಫ್ರಿಕಾ, ನಮೀಬಿಯಾ ಕಡೆ ಮಳೆ ಕಮ್ಮಿ ಇರೋ ಕಲ್ಲು ನೆಲದ ಗಿಡ. 1811ರಲ್ಲಿ ಬರ್ಚೆಲ್ ಅನ್ನೋ ಇಂಗ್ಲಿಷ್ ಸಸ್ಯ ಸಂಶೋಧಕರು ಯಾವ್ದೋ ವಿಚಿತ್ರ ಬೆಣಚುಕಲ್ಲು ಅಂದ್ಕೊಂಡು ಎತ್ತಿದ್ಮೇಲೇ ಗಿಡ ಅಂತ ಗೊತ್ತಾಗಿದ್ದು. ಅದಕ್ಕಿರೋದು ಎರಡೇ ದಪ್ಪ ಎಲೆ, ನೀರೆಲ್ಲ ಅದರೊಳಗೇ. ಹೊಸ ಜೋಡಿ ಬರುವಾಗ ಹಳೆ ಎಲೆಯ ನೀರನ್ನೇ ಹೀರ್ಕೊಂಡು ಬೆಳೆಯುತ್ತೆ, ಹಳೇದು ಕೊನೆಗೆ ಈರುಳ್ಳಿ ಸಿಪ್ಪೆ ಥರ ಒಣಗಿ ತೆಳ್ಳಗಾಗುತ್ತೆ. ಅದು ಮುಗಿಯೋವರ್ಗೂ ನಾವು ನೀರು ಹಾಕಿದ್ರೆ ಹಳೇದು ಒಣಗೋದೇ ಇಲ್ಲ, ಇಲ್ಲಾಂದ್ರೆ ಮೈ ಒಡೆಯುತ್ತೆ, ಕೊಳೆಯುತ್ತೆ. ಗಮ್ ಹಾಕಿದ್ರಂತೂ ಮೇಲೆ ಒಣಗಿದಂಗೆ ಕಂಡ್ರೂ ಕೆಳಗಿನ ತೇವ ಆರಲ್ಲ, ಮೈ ಸುಕ್ಕಾಗಿದ್ಯಾ, ಬುಡ ಮೆತ್ತಗಿದ್ಯಾ ಅಂತ ನೋಡೋಕೂ ಆಗಲ್ಲ. ನಮ್ಮೂರಲ್ಲಿ ಮೇ ತಿಂಗಳ ಗುಡುಗು ಮಳೆಯಿಂದ ಅಕ್ಟೋಬರ್‌ವರ್ಗೂ ಗಾಳೀಲೇ ತೇವ ಇರುತ್ತಲ್ಲ, ಕೊಕೊಪೀಟು ಒಣಗೋದು ಯಾವಾಗ ಹೇಳಿ.

ರೀಪಾಟ್ ಮನೇಲೇ ಮಾಡ್ಕೊಳಿ, ಕಷ್ಟ ಇಲ್ಲ. ಹಳೆ ಎಲೆ ಪೂರ್ತಿ ಒಣಗಿದ್ಮೇಲೆ, ಮಣ್ಣೂ ಒಣಗಿದ್ದಾಗ ಕೀಳಿ, ಬೇರಲ್ಲಿ ಬಿಳಿ ಹಿಟ್ಟು ತಿಗಣೆ ಇದ್ಯಾ ನೋಡಿ, ಸತ್ತಿರೋ ಬೇರು ಕತ್ತರಿಸಿ ನಾಲ್ಕೈದು ದಿನ ನೆರಳಲ್ಲಿ ಬಿಡಿ. ತಳದಲ್ಲಿ ತೂತಿರೋ ಮಣ್ಣಿನ ಪಾಟು, ನಾಲ್ಕಿಂಚಾದ್ರೂ ಆಳ ಬೇಕು, ತಾಯಿಬೇರು ಉದ್ದ ಹೋಗುತ್ತೆ. ಮುಕ್ಕಾಲು ಪಾಲಿಗಿಂತ ಜಾಸ್ತಿ ಇಟ್ಟಿಗೆ ಚೂರು, ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು) ಅಥವಾ ದಪ್ಪ ಮರಳಿರ್ಲಿ, ಉಳಿದಿದ್ದು ಮಾತ್ರ ಮಣ್ಣು. ಎಮ್ ಸ್ಯಾಂಡ್ ಆದ್ರೆ ಜರಡಿ ಹಿಡಿದು ತೊಳೀರಿ, ಧೂಳು ಉಳಿದ್ರೆ ಸಿಮೆಂಟಾಗಿ ಕೂರುತ್ತೆ. ನೆಟ್ಟು ಒಂದು ವಾರ, ಹತ್ತು ದಿನ ನೀರಿಲ್ಲ. ಆಮೇಲೂ ಎಲೆ ಬದ್ಲಾಗ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಪಕ್ಕದಲ್ಲಿ ಸುಕ್ಕು ಕಂಡ್ರೆ ಮಾತ್ರ ಬೆಳಿಗ್ಗೆ ಹಾಕಿ. ಮಳೆಗಾಲದಲ್ಲಿ ಕಿಟಕಿ ಸಜ್ಜಾ ಕೆಳಗೆ, ಗಾಳಿ ಬೆಳಕು ಬರೋ ಕಡೆ ಇಡಿ.

ಆನ್‌ಲೈನಲ್ಲಿ ಕಡುನೀಲಿ ಬಣ್ಣದ ಲಿಥಾಪ್ಸ್ ಬೀಜ ಅಂತ ಮಾರ್ತಾರೆ, ಅಂಥ ಕಡುನೀಲಿ ಲಿಥಾಪ್ಸ್ ಇಲ್ಲವೇ ಇಲ್ಲ, ದುಡ್ಡು ಹಾಕ್ಬೇಡಿ.

ಗಮ್ ಹಾಕಿರೋ ಪಾಟ್ ಆಗ್ಲೇ ಮನೇಲಿದ್ರೆ ಕಲ್ಲನ್ನ ಗಿಡದ ಪಕ್ಕದಿಂದ ಎಳೀಬೇಡಿ, ಪಾಟಿನ ಅಂಚಿಂದ ಒಂದೊಂದೇ ಚೂರು ಮುರೀತಾ ಬನ್ನಿ, ಮೈಗೆ ಅಂಟಿರೋದನ್ನ ಹಂಗೇ ಬಿಡಿ, ಹಳೆ ಎಲೆ ಒಣಗಿದಾಗ ಅದರ ಜೊತೆ ತಾನಾಗೇ ಬಿಟ್ಕೊಳುತ್ತೆ.