ಎರಡೇ ಸೀಟು, ಮೂರು ಕಾರು: ಕೊಳ್ಳುವ ಮುನ್ನ ಓಡಿಸಿ ನೋಡಿದ್ದು

ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಒಂದೇ ಸೀಟಿನ ವಿಚಾರ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದೆ. ಅಶ್ವಶಕ್ತಿ ಎಷ್ಟು, ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು, ಎಂಜಿನ್ ಮುಂದಿದೆಯೋ ನಡುವಿದೆಯೋ ಎಂಬ ಲೆಕ್ಕಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪಕ್ಕದ ಸೀಟಿನಲ್ಲಿ ಕೂರುವವರಿಗೆಂದು ಒಂದು ಸಾಲನ್ನೂ ಮೀಸಲಿಡದೆ ಟೆಸ್ಟ್ ಡ್ರೈವಿಗೆ ಹೊರಟೆ. ಆ ಸೀಟಿನಲ್ಲಿ ಕೂರಬೇಕಾಗಿದ್ದ ನನ್ನ ಹೆಂಡತಿ ಮೂರನೆಯ ಕಾರಿನ ಹೊತ್ತಿಗೆ ನೋಟ್‌ಬುಕ್ಕಿನ ಬಹುಪಾಲನ್ನು ತಿದ್ದಿಬಿಟ್ಟಿದ್ದಳು.

ನೋಡಿದ ಕಾರುಗಳು ಮೂರು: ಮಾಜ್ದಾ ಎಂಎಕ್ಸ್-5, ಪೋರ್ಷೆ 718 ಬಾಕ್ಸ್‌ಸ್ಟರ್ ಮತ್ತು ಬಿಎಂಡಬ್ಲ್ಯು ಝಡ್4 ಎಂ40ಐ. ಮೂರೂ ಟಾಪು ತೆಗೆಯಬಹುದಾದವು, ಮೂರೂ ಬಳಸಿದ ಕಾರುಗಳು. ಟೊಯೋಟಾ ಜಿಆರ್86 ಒಳ್ಳೆಯ ಕಾರೇ ಆದರೂ ಅದರ ಹಿಂದೆ ಹೆಸರಿಗೆ ಎರಡು ಸೀಟುಗಳಿರುವುದರಿಂದ ಈ ಸಾಲಿಗೆ ಸೇರುವುದಿಲ್ಲ. ಆಲ್ಪೀನ್ ಎ110 ನಡುವೆ ಎಂಜಿನ್ ಇಟ್ಟುಕೊಂಡೂ ಸುಮಾರು 1,100 ಕೆ.ಜಿ. ಮಾತ್ರ ತೂಗುವ ಅಪರೂಪದ ಕಾರು. ಆದರೆ ಅದರ ಟಾಪು ತೆಗೆಯಲು ಬರುವುದಿಲ್ಲ, ಕ್ಲಚ್ ಪೆಡಲೂ ಇಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಬಿಟ್ಟೆ.

ಹೋಲಿಕೆ ನ್ಯಾಯವಾಗಿರಬೇಕೆಂದು ಒಂದು ಕ್ರಮ ಹಾಕಿಕೊಂಡಿದ್ದೆ. ಮೂರನ್ನೂ ಒಂದೇ ದಾರಿಯಲ್ಲಿ, ನಲವತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಓಡಿಸುವುದು. ಎಂಜಿನ್ ತಣ್ಣಗಿರುವಾಗಲೇ ನಾನೇ ಸ್ಟಾರ್ಟ್ ಮಾಡುವುದು. ಮೊದಲ ಅರ್ಧ ಟಾಪು ಮುಚ್ಚಿ, ಉಳಿದರ್ಧ ತೆರೆದು. ದಾರಿಯಲ್ಲಿ ಒಂದಿಷ್ಟು ಕೆಟ್ಟ ರಸ್ತೆ, ಒಂದೆರಡು ಹಂಪು, ಕಿರಿದಾದ ಜಾಗದಲ್ಲಿ ರಿವರ್ಸ್ ಮಾಡಿ ನಿಲ್ಲಿಸುವ ಕೆಲಸ, ಕೊನೆಗೆ ಏಳೆಂಟು ತಿರುವುಗಳಿರುವ ಏರು ಇರಬೇಕು. ಎಂಜಿನನ್ನು ಮೊದಲೇ ಬಿಸಿಮಾಡಿ, ಸ್ಪೋರ್ಟ್ ಮೋಡಿಗೆ ಹಾಕಿ, ನೇರವಾದ ಅಗಲ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ಕಳಿಸುವ ಟೆಸ್ಟ್ ಡ್ರೈವಿನಿಂದ ತಿಳಿಯುವುದು ಪಿಕಪ್ ಒಂದೇ, ಅದನ್ನು ಕಾಗದದಲ್ಲೇ ಓದಿಕೊಳ್ಳಬಹುದು.

ಮೊದಲು ಓಡಿಸಿದ್ದು ಮಾಜ್ದಾ. 1989ರಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಬೆಳಕಿಗೆ ಬಂದ ಈ ಕಾರು 2016ರಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿತು. ನನಗೆ ಸಿಕ್ಕದ್ದು ನಾಲ್ಕನೆಯ ತಲೆಮಾರಿನ ಕಾರು. 2 ಲೀಟರ್ ಎಂಜಿನ್, ಟರ್ಬೊ ಇಲ್ಲ, 184 ಅಶ್ವಶಕ್ತಿ, ಆರು ಗೇರು. 2019ರ ಮಾದರಿಯಿಂದ ಸ್ಟೀರಿಂಗನ್ನು ಮೇಲೆ ಕೆಳಗೆ ಮಾತ್ರವಲ್ಲದೆ ಹಿಂದಕ್ಕೂ ಮುಂದಕ್ಕೂ ಎಳೆದುಕೊಳ್ಳಲು ಬರುತ್ತದೆ. ಅಂಗಡಿಯಲ್ಲಿ ನಿಂತು ಕೇಳಿದರೆ ಇದು ಸಣ್ಣ ವಿಷಯವೆನಿಸಬಹುದು, ಆದರೆ ಐದು ಅಡಿ ಹತ್ತು ಅಂಗುಲದ ನನ್ನಂಥವನಿಗೆ ಮೊಣಕಾಲು ಮಡಿಸಿ ತೋಳು ಚಾಚಿ ಕೂರುವುದಕ್ಕೂ ಸರಿಯಾಗಿ ಕೂರುವುದಕ್ಕೂ ಇರುವ ವ್ಯತ್ಯಾಸ ಅದೊಂದೇ ಲಿವರಿನಲ್ಲಿದೆ. ಬಳಸಿದ ಕಾರು ನೋಡುವವರು ಮೊದಲು ಸ್ಟೀರಿಂಗಿನ ಕೆಳಗೆ ಕೈಹಾಕಿ ಇದನ್ನು ಪರೀಕ್ಷಿಸಿಕೊಳ್ಳಬೇಕು.

ಈ ಕಾರಿನ ಗೇರಿನ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಎಂಜಿನ್ ಮುಂದೆ, ಅದರ ಹಿಂದೆಯೇ ಗೇರ್‌ಬಾಕ್ಸ್, ಎಳೆಯುವುದು ಹಿಂದಿನ ಚಕ್ರ. ಹೀಗಿರುವುದರಿಂದ ಗೇರಿನ ಕೋಲು ನೇರವಾಗಿ ಗೇರ್‌ಬಾಕ್ಸಿನ ಮೇಲೆಯೇ ಕೂತಿದೆ, ನಡುವೆ ಕೇಬಲ್ಲುಗಳಿಲ್ಲ. ಗೇರ್‌ಬಾಕ್ಸನ್ನೂ ಎಳೆತವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲನ್ನೂ ಒಂದು ಗಟ್ಟಿ ಚೌಕಟ್ಟಿನಿಂದ ಬಿಗಿದಿರುವ ಪದ್ಧತಿ ಮೊದಲ ತಲೆಮಾರಿನಿಂದಲೂ ನಡೆದುಬಂದಿದೆ, ಆದ್ದರಿಂದ ಕಾಲು ಒತ್ತಿದಾಗ ಯಾವುದೂ ಅಲುಗಾಡದೆ ಎಳೆತ ತಕ್ಷಣ ಚಕ್ರ ಸೇರುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಮಣಿಕಟ್ಟು ಮಾತ್ರ ತಿರುಗಿದರೆ ಸಾಕು, ಮೊಣಕೈ ಇದ್ದಲ್ಲೇ ಇರುತ್ತದೆ. ಕೋಲು ಜಾಗಕ್ಕೆ ಬಿದ್ದಾಗ ಹಳೆಯ ಪೆಟ್ಟಿಗೆಯ ಚಿಲಕ ಕೂತಂಥ ಸಣ್ಣ ಸದ್ದು ಬೆರಳಿಗೇ ಕೇಳಿಸುತ್ತದೆ. ಏರಿನ ತಿರುವುಗಳಲ್ಲಿ ಅಗತ್ಯವಿಲ್ಲದಿದ್ದರೂ ಗೇರು ಬದಲಿಸುತ್ತ ಹೋದೆನೆಂದು ಒಪ್ಪಿಕೊಳ್ಳುತ್ತೇನೆ.

ತಿರುವಿನಲ್ಲಿ ಕಾರು ಚೆನ್ನಾಗಿಯೇ ವಾಲುತ್ತದೆ. ಸ್ಪೋರ್ಟ್ಸ್ ಕಾರೆಂದರೆ ವಾಲಬಾರದು ಎಂದು ನಂಬಿದವರಿಗೆ ಇದು ದೋಷವಾಗಿ ಕಾಣಬಹುದು, 2022ರ ಮಾದರಿಯಲ್ಲಿ ಒಳಬದಿಯ ಹಿಂಚಕ್ರಕ್ಕೆ ಲಘುವಾಗಿ ಬ್ರೇಕ್ ಹಾಕಿ ಕಾರು ಮೇಲೇಳದಂತೆ ತಡೆಯುವ ವ್ಯವಸ್ಥೆಯೂ ಬಂತು. ಅದಿಲ್ಲದ ಹಳೆಯ ಕಾರನ್ನು ಓಡಿಸಿದ ನನಗೆ ವಾಲುವುದೇ ಮಾತಿನಂತೆ ಕೇಳಿಸಿತು: ಟೈರಿನ ಹಿಡಿತ ಇನ್ನೆಷ್ಟು ಉಳಿದಿದೆ ಎಂಬುದನ್ನು ಅದು ಐವತ್ತು ಕಿಲೋಮೀಟರ್ ವೇಗದಲ್ಲೇ ಹೇಳಿಬಿಡುತ್ತದೆ. ಕುದುರೆಯೂ ಸವಾರನೂ ಒಂದೇ ದೇಹ ಎಂಬರ್ಥದ ಜಪಾನಿ ಮಾತೊಂದನ್ನು ಮಾಜ್ದಾ ಈ ಕಾರಿಗೆ ಬಳಸುತ್ತ ಬಂದಿದೆ. ಜಾಹೀರಾತಿನ ಮಾತುಗಳನ್ನು ನಾನು ಸುಲಭವಾಗಿ ನಂಬುವವನಲ್ಲ, ಇದನ್ನು ನಂಬಿದೆ.

ಟಾಪು ತೆಗೆಯುವುದಕ್ಕೆ ಮೋಟಾರಿಲ್ಲ. ಕನ್ನಡಿಯ ಹತ್ತಿರದ ಒಂದೇ ಒಂದು ಕೊಂಡಿ ಬಿಡಿಸಿ, ಒಂದು ಕೈಯಿಂದ ಹಿಂದಕ್ಕೆ ತಳ್ಳಿದರೆ ಕೂತಲ್ಲಿಂದಲೇ ಕೆಲಸ ಮುಗಿಯುತ್ತದೆ. ಮುಚ್ಚಿದಾಗ ಮಾತ್ರ ತಲೆಗೂ ಬಟ್ಟೆಗೂ ನಡುವೆ ಎರಡು ಬೆರಳಿನ ಜಾಗವಷ್ಟೇ ಉಳಿಯಿತು, ತೊಂಬತ್ತರ ವೇಗದಲ್ಲಿ ಗಾಳಿಯ ಸದ್ದಿಗೆ ಇಬ್ಬರೂ ದನಿ ಏರಿಸಿ ಮಾತನಾಡಬೇಕಾಯಿತು. ಪಕ್ಕದ ಸೀಟಿನ ಮುಂದೆ ಗ್ಲವ್ ಬಾಕ್ಸ್ ಇಲ್ಲವೇ ಇಲ್ಲ. ಬೀಗ ಹಾಕುವ ಸಣ್ಣ ಪೆಟ್ಟಿಗೆ ಇರುವುದು ಎರಡು ಸೀಟುಗಳ ನಡುವೆ, ಬೆನ್ನ ಹಿಂದೆ. ನಾನು ಗೇರಿನ ಗುಣಗಾನದಲ್ಲಿ ಮುಳುಗಿದ್ದಾಗ ಪಕ್ಕದಿಂದ ಪ್ರಶ್ನೆ ಬಂತು: “ರೀ, ಅದೆಲ್ಲ ಸರಿ, ನನ್ನ ಬ್ಯಾಗ್ ಎಲ್ಲಿಡಲಿ?” ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಬಾಕ್ಸ್‌ಸ್ಟರ್ ವಿಷಯವೇ ಬೇರೆ. ಬಾಕ್ಸರ್ ಎಂಜಿನ್ (ಸಿಲಿಂಡರುಗಳು ಎದುರುಬದುರಾಗಿ ಮಲಗಿರುವ ಎಂಜಿನ್) ಮತ್ತು ರೋಡ್‌ಸ್ಟರ್ (ಟಾಪು ತೆಗೆಯಬಹುದಾದ ಎರಡು ಸೀಟಿನ ಕಾರು) ಎಂಬ ಎರಡು ಪದಗಳನ್ನು ಕೂಡಿಸಿ ಕಟ್ಟಿದ ಹೆಸರಿದು, ಮೊದಲ ಕಾರು ಮಾರುಕಟ್ಟೆಗೆ ಬಂದದ್ದು 1996ರಲ್ಲಿ. 2016ರಲ್ಲಿ 718 ಎಂಬ ಸಂಖ್ಯೆ ಸೇರಿದಾಗ ಆರು ಸಿಲಿಂಡರಿನ ಜಾಗಕ್ಕೆ ನಾಲ್ಕು ಸಿಲಿಂಡರಿನ ಟರ್ಬೊ ಬಂತು. ನಾನು ಓಡಿಸಿದ 2 ಲೀಟರಿನದಕ್ಕೆ 300 ಅಶ್ವಶಕ್ತಿ, 1,950 ಆರ್‌ಪಿಎಂನಿಂದಲೇ 380 ನ್ಯೂಟನ್ ಮೀಟರ್ ಎಳೆತ. ಮಾಜ್ದಾದ 205ರ ಮುಂದೆ ಇದು ಹತ್ತಿರ ಹತ್ತಿರ ಇಮ್ಮಡಿ.

ಎಂಜಿನ್ ಸೀಟಿನ ಬೆನ್ನ ಹಿಂದೆ, ಹಿಂದಿನ ಚಕ್ರಗಳಿಗಿಂತ ಮುಂದೆ ಇದೆ. ಉದ್ದ ಕೋಲಿನ ತುದಿಗೆ ಭಾರ ಕಟ್ಟಿ ತಿರುಗಿಸುವುದಕ್ಕೂ ಅದೇ ಭಾರವನ್ನು ಕೋಲಿನ ನಡುವಿಗೆ ಕಟ್ಟಿ ತಿರುಗಿಸುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇರುವುದು: ಸ್ಟೀರಿಂಗ್ ತಿರುಗಿಸಿದ ಕ್ಷಣ ಮೂತಿ ತಿರುಗುತ್ತದೆ, ಹಿಂಭಾಗ ತಡಮಾಡದೆ ಅದನ್ನು ಹಿಂಬಾಲಿಸುತ್ತದೆ, ಇಡೀ ಕಾರು ನನ್ನ ಸೊಂಟವನ್ನೇ ನಡುಗಂಬ ಮಾಡಿಕೊಂಡು ತಿರುಗಿದಂತೆ ಭಾಸವಾಗುತ್ತದೆ. ಬ್ರೇಕ್ ಪೆಡಲಿನ ಗಟ್ಟಿತನವೂ ಅಂಥದೇ, ಎಷ್ಟು ಒತ್ತಿದರೆ ಎಷ್ಟು ನಿಲ್ಲುತ್ತದೆ ಎಂಬುದನ್ನು ಕಾಲು ಎರಡನೆಯ ಸಲಕ್ಕೇ ಕಲಿತುಬಿಡುತ್ತದೆ. ಮೂರರಲ್ಲಿ ಅತ್ಯುತ್ತಮ ಯಂತ್ರ ಯಾವುದೆಂದು ಕೇಳಿದರೆ ಎರಡು ಮಾತಿಲ್ಲದೆ ಇದನ್ನೇ ತೋರಿಸುತ್ತೇನೆ.

ಅಷ್ಟಾದರೂ ಇಳಿದ ಮೇಲೆ ಏನೋ ಕಡಿಮೆಯಾದಂತೆ ಅನ್ನಿಸಿತು. ಅದರ ಗೇರುಗಳು ಬಹಳ ಉದ್ದ. ಎರಡನೆಯ ಗೇರಿನಲ್ಲೇ ನೂರು ದಾಟುತ್ತದೆ. ಸಾಮಾನ್ಯ ರಸ್ತೆಯಲ್ಲಿ ಎಂಜಿನ್ ತನ್ನ ಅರ್ಧ ಸಾಮರ್ಥ್ಯವನ್ನೂ ತೋರುವ ಮೊದಲೇ ವೇಗಮಿತಿಯ ಫಲಕ ಎದುರಾಗುತ್ತದೆ, ಕಾಲು ಹಿಂದಕ್ಕೆ ತೆಗೆಯಬೇಕಾಗುತ್ತದೆ. ನಾಲ್ಕು ಸಿಲಿಂಡರಿನ ದನಿ ಕೆಲಸಗಾರನ ದನಿ, ಹಾಡುಗಾರನದಲ್ಲ. ಆರು ಸಿಲಿಂಡರಿನ 4 ಲೀಟರ್ ಎಂಜಿನನ್ನು ಪೋರ್ಷೆಯೇ 2020ರಲ್ಲಿ ಜಿಟಿಎಸ್ ಮಾದರಿಗೆ ಮರಳಿ ತಂದಿತೆಂಬುದು ಈ ದೂರು ನನ್ನೊಬ್ಬನದಲ್ಲ ಎಂಬುದಕ್ಕೆ ಸಾಕ್ಷಿ. ಸಾಮಾನಿನ ವಿಷಯದಲ್ಲಿ ಮಾತ್ರ ಅಚ್ಚರಿ ಕಾದಿತ್ತು: ಮುಂದೆ ಬಾನೆಟ್ಟಿನಡಿ 150 ಲೀಟರಿನ ಆಳವಾದ ಗುಂಡಿ, ಹಿಂದೆ ಇನ್ನೊಂದು ಡಿಕ್ಕಿ. ಎಂಜಿನ್ ನೋಡೋಣವೆಂದರೆ ಕಾಣುವುದಿಲ್ಲ, ಆಯಿಲ್ ಮತ್ತು ಕೂಲೆಂಟ್ ಹಾಕುವ ಎರಡು ಮುಚ್ಚಳಗಳಷ್ಟೇ ಹಿಂದಿನ ಡಿಕ್ಕಿಯಲ್ಲಿ ಇಣುಕುತ್ತವೆ.

ಝಡ್4 ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ತಯಾರಾದ ಇದಕ್ಕೂ ಟೊಯೋಟಾ ಸುಪ್ರಾಗೂ ಬುಡ ಒಂದೇ. ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳಿರುವ 3 ಲೀಟರಿನ ಎಂಜಿನ್, 340 ಅಶ್ವಶಕ್ತಿ, 500 ನ್ಯೂಟನ್ ಮೀಟರ್. ನೂರರ ವೇಗಕ್ಕೆ 4.5 ಸೆಕೆಂಡು. ಬಾಕ್ಸ್‌ಸ್ಟರ್ 5.1, ಮಾಜ್ದಾ 6.5. ಕಾಗದದಲ್ಲಿ ಗೆದ್ದದ್ದು ಇದೇ, ಎಂಜಿನಿನ ನಯಕ್ಕೂ ಪೂರ್ತಿ ಅಂಕ. ಆದರೆ 1,500 ಕೆ.ಜಿ. ದಾಟುವ ತೂಕ ತಿರುವಿನ ನಡುವೆ ತನ್ನ ಲೆಕ್ಕ ಕೇಳಿಯೇ ಕೇಳುತ್ತದೆ, ಸ್ಟೀರಿಂಗ್ ಚುರುಕಾಗಿದ್ದರೂ ರಸ್ತೆಯ ಸುದ್ದಿಯನ್ನು ಕೈಗೆ ತಲುಪಿಸುವುದಿಲ್ಲ. ನಾನು ಓಡಿಸಿದ್ದರಲ್ಲಿ ಎಂಟು ಗೇರಿನ ಆಟೋಮ್ಯಾಟಿಕ್ ಇತ್ತು; ಕ್ಲಚ್ ಇರುವ ಎಂ40ಐ ಬಂದದ್ದು 2024ರಲ್ಲಿ, ಅದು ಸಿಗುವುದು ಕಷ್ಟ. ಪಕ್ಕದ ಸೀಟಿನ ಅಭಿಪ್ರಾಯ ಇದಕ್ಕೆ ತದ್ವಿರುದ್ಧವಾಗಿತ್ತು. 281 ಲೀಟರಿನ ಡಿಕ್ಕಿ, ಗುಂಡಿ ತಟ್ಟಿದರೆ ಹತ್ತು ಸೆಕೆಂಡಿನಲ್ಲಿ ತಾನೇ ಮಡಚಿಕೊಳ್ಳುವ ಟಾಪು, ಗಾಳಿಯ ಕಾಟವಿಲ್ಲದೆ ಮಾತನಾಡಬಹುದಾದ ಒಳಾಂಗಣ. ನಮ್ಮಿಬ್ಬರ ದೂರ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯದಿಲ್ಲವೆಂದು ಆಕೆ ಖಚಿತವಾಗಿ ಹೇಳಿದಳು, ನಾನು ಅಲ್ಲಗಳೆಯಲಿಲ್ಲ.

ನಡುವೆ ಒಂದು ಪ್ರಸಂಗ ಹೇಳಬೇಕು. ಮೂರರಲ್ಲಿ ಒಂದು ಕಾರು ಮೊದಲ ಸಲ ಓಡಿಸಿದಾಗ ಪ್ರತಿ ಹಂಪಿಗೂ ಚೆಂಡಿನಂತೆ ಪುಟಿಯಿತು, ತಿರುವಿನಲ್ಲಿ ಜಾರಿದಂತಾಯಿತು. ಸಸ್ಪೆನ್ಷನ್ ಹೋಗಿದೆಯೆಂದೇ ಬರೆದುಕೊಂಡೆ. ಅನುಮಾನಕ್ಕೆ ಗಾಳಿ ಅಳೆಯುವ ಸಣ್ಣ ಮೀಟರನ್ನು ಜೇಬಿನಿಂದ ತೆಗೆದು ನೋಡಿದರೆ ನಾಲ್ಕೂ ಟೈರುಗಳಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ಗಾಳಿ. ತಿಂಗಳುಗಟ್ಟಲೆ ನಿಂತ ಕಾರಿನ ಟೈರು ಒಂದೇ ಕಡೆ ಚಪ್ಪಟೆಯಾಗದಿರಲೆಂದು ಹೀಗೆ ತುಂಬಿಸಿಡುವುದುಂಟು, ಮಾರುವವರು ಇಳಿಸುವುದನ್ನು ಮರೆತಿದ್ದರು. ಬಾಗಿಲ ಚೌಕಟ್ಟಿನ ಚೀಟಿಯಲ್ಲಿದ್ದಷ್ಟಕ್ಕೆ ಇಳಿಸಿ ಮತ್ತೊಮ್ಮೆ ಓಡಿಸಿದಾಗ ಅದು ಬೇರೆಯೇ ಕಾರಾಗಿತ್ತು. ಆ ಮೀಟರ್ ಇಲ್ಲದೆ ಟೆಸ್ಟ್ ಡ್ರೈವಿಗೆ ಹೋಗಬೇಡಿ ಎಂದು ಪರಿಚಯದವರಿಗೆಲ್ಲ ಹೇಳುತ್ತಿದ್ದೇನೆ. ಟೈರಿನ ಪಕ್ಕದಲ್ಲಿ ಕೊರೆದಿರುವ ನಾಲ್ಕು ಅಂಕಿಗಳನ್ನೂ ಓದಿ: 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಇಂಥ ಕಾರುಗಳು ಕಡಿಮೆ ಓಡುತ್ತವೆ, ಹಾಗಾಗಿ ಟೈರು ಸವೆಯುವ ಮೊದಲೇ ಮುದಿಯಾಗಿ ಗಡುಸಾಗಿರುತ್ತದೆ, ನೋಟಕ್ಕೆ ಮಾತ್ರ ಹೊಸದರಂತೆಯೇ ಇರುತ್ತದೆ.

ಬಟ್ಟೆಯ ಟಾಪಿರುವ ಹಳೆಯ ಕಾರಿನಲ್ಲಿ ಇನ್ನೊಂದನ್ನು ನೋಡಲೇಬೇಕು. ಟಾಪಿನ ಮೇಲೆ ಬಿದ್ದ ನೀರು ಹೊರಹೋಗುವ ಸಣ್ಣ ಕೊಳವೆಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಒಳಗಿಳಿಯುತ್ತದೆ. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿ ನೋಡಿ, ಮೂಸಿಯೂ ನೋಡಿ. ಪೋರ್ಷೆಯಾದರೆ ಎಂಜಿನನ್ನು ಮಿತಿಮೀರಿ ತಿರುಗಿಸಿದ ದಾಖಲೆ ಅದರ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ, ಅದರ ಪ್ರತಿಯನ್ನು ಕೇಳಿ ಪಡೆಯಬೇಕು.

ಕೊನೆಯ ದಿನ ಎರಡು ಮೆತ್ತನೆಯ ಕ್ಯಾಬಿನ್ ಬ್ಯಾಗುಗಳನ್ನು ಒಯ್ದು ಮೂರೂ ಕಾರುಗಳಿಗೆ ತುಂಬಿಸಿ ನೋಡಿದೆವು. ಮಾಜ್ದಾದ 130 ಲೀಟರಿನ ಡಿಕ್ಕಿಯಲ್ಲೂ ಎರಡೂ ಹಿಡಿದವು. ಗಟ್ಟಿ ಚಿಪ್ಪಿನ ಸೂಟ್‌ಕೇಸ್ ಮಾತ್ರ ಹಟ ಹಿಡಿದು ಹೊರಗೇ ಉಳಿಯಿತು. ಹೊರಡುವ ಮುನ್ನ, ಅದುವರೆಗೆ ಪಕ್ಕದಲ್ಲೇ ಕೂತಿದ್ದ ಆಕೆ ತಾನೂ ಮೂರನ್ನೂ ಓಡಿಸಬೇಕೆಂದಳು. ಮೊದಲೇ ಹೊಳೆಯಬೇಕಾಗಿದ್ದ ಮಾತಿದು. ಝಡ್4 ಓಡಿಸಿ ಬಂದವಳು ಹಾಯಾಗಿದೆ ಎಂದಳು. ಬಾಕ್ಸ್‌ಸ್ಟರಿನಿಂದ ಇಳಿದಾಗ, ಕಾರು ತನಗಿಂತ ಬಲ್ಲಂತೆ ನಡೆದುಕೊಳ್ಳುತ್ತದೆ ಎಂದಳು. ಇಷ್ಟು ಚಿಕ್ಕದಾಗಿ ನಾನು ಅದನ್ನು ಹೇಳಲಾರದೆ ಎರಡು ಪುಟ ಬರೆದಿದ್ದೆ. ಹದಿನೈದು ನಿಮಿಷವೆಂದು ಮಾಜ್ದಾ ತೆಗೆದುಕೊಂಡು ಹೋದವಳು ಬಂದದ್ದು ಮುಕ್ಕಾಲು ಗಂಟೆಗೆ, ಟಾಪು ತೆರೆದಿತ್ತು, ಕೂದಲೆಲ್ಲ ಕೆದರಿತ್ತು. ಏರಿನ ದಾರಿಯಲ್ಲಿ ಎರಡು ಸಲ ಹೋಗಿಬಂದೆ ಎಂದಳು.

ಮಾಜ್ದಾವನ್ನೇ ಕೊಂಡೆವು. ಟೈರುಗಳು ಹಳೆಯವಾಗಿದ್ದವು, ನಾಲ್ಕನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿಸಿದೆ. ಬ್ಯಾಗಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಪಕ್ಕದ ಸೀಟಿನಲ್ಲಿ ಕೂತವರ ಮಡಿಲಲ್ಲಿ ಅದು ಇರುತ್ತದೆ, ಈಗೀಗ ಹೆಚ್ಚಾಗಿ ನನ್ನ ಮಡಿಲಲ್ಲಿ.